ಎಣಿಸಿ ಎಂದವರಿಗೆ ಎಣಿಸಿ ತೋರಿಸಬೇಕು: ಸಂಸತ್ತಿನ ನಿಯಮ ಮತ್ತು ಘನತೆ

ಮಾನ್ಯ ಅಧ್ಯಕ್ಷರೇ, ಹಿರಿಯರೇ, ಕಾನೂನು ವಿದ್ಯಾರ್ಥಿ ಮಿತ್ರರೇ,

ಸಂವಿಧಾನ ದಿನದ ಈ ಉಪನ್ಯಾಸಕ್ಕೆ ಸಂಘಟಕರು ನನಗೆ ಮೊದಲು ಸೂಚಿಸಿದ ವಿಷಯ ‘ಸಂಸತ್ತಿನ ಘನತೆಯ ಕುಸಿತ’ ಎಂಬುದಾಗಿತ್ತು. ಅದರ ಪಕ್ಕದಲ್ಲಿ ‘ನಿಯಮ’ ಎಂಬ ಪದವನ್ನೂ ಸೇರಿಸಿಕೊಳ್ಳಲು ಅನುಮತಿ ಕೇಳಿದೆ. ಅವರು ಸಂತೋಷದಿಂದ ಒಪ್ಪಿದರು. ಘನತೆಯ ಮಾತು ಬಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸದನದ ಬಾವಿಗಿಳಿದ ಸದಸ್ಯರು, ಹರಿದು ತೂರಿದ ಕಾಗದಗಳು, ಮುರಿದ ಮೈಕುಗಳು. ಆ ದೃಶ್ಯಕ್ಕೆ ಐದು ನಿಮಿಷ ಮೊದಲು ಏನಾಯಿತು, ಯಾರು ಯಾವ ನಿಯಮದಡಿ ಏನನ್ನು ಕೇಳಿದರು, ಪೀಠ, ಅಂದರೆ ಸದನ ನಡೆಸುವ ಅಧ್ಯಕ್ಷರು (ಸ್ಪೀಕರ್), ಅದಕ್ಕೆ ಏನು ಉತ್ತರ ಕೊಟ್ಟಿತು ಎಂಬುದನ್ನು ನಾವು ವಿಚಾರಿಸುವುದೇ ಇಲ್ಲ. ಆ ಐದು ನಿಮಿಷಗಳ ಬಗ್ಗೆ ಮಾತನಾಡಲು ಬಂದಿದ್ದೇನೆ.

ನನ್ನ ನಂಬಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬಹುಮತ ಇರುವವರು ನಿಯಮಗಳಿಲ್ಲದೆಯೂ ತಮ್ಮ ಕೆಲಸ ಸಾಧಿಸಿಕೊಳ್ಳಬಲ್ಲರು, ಏಕೆಂದರೆ ಕೈ ಎತ್ತುವವರ ಸಂಖ್ಯೆ ಅವರ ಕಡೆಗೇ ಇರುತ್ತದೆ. ಅಲ್ಪಸಂಖ್ಯೆಯಲ್ಲಿ ಇರುವವರಿಗೆ ಸದನದಲ್ಲಿ ಇರುವ ಆಸ್ತಿಯೆಂದರೆ ನಿಯಮಾವಳಿಯ ಆ ಪುಸ್ತಕವೊಂದೇ. ಅದನ್ನು ಅವರ ಕೈಯಿಂದ ಕಿತ್ತುಕೊಂಡ ಮೇಲೆ ಅವರ ಬಳಿ ಉಳಿಯುವುದು ಗಂಟಲು ಮಾತ್ರ.

ಇಲ್ಲಿ ನಾನು ಬಹಳ ಪ್ರೀತಿಸುವ ಒಂದು ಪ್ರಸಂಗವನ್ನು ಹೇಳಲೇಬೇಕು. ಸ್ವಲ್ಪ ದೀರ್ಘವಾದರೆ ಕ್ಷಮಿಸಬೇಕು. 1925ರಲ್ಲಿ ವಿಠ್ಠಲಭಾಯಿ ಪಟೇಲರು ಕೇಂದ್ರ ಶಾಸನಸಭೆಯ ಅಧ್ಯಕ್ಷರಾಗಿ ಆಯ್ಕೆಯಾದರು. ಆ ಪೀಠಕ್ಕೆ ಚುನಾಯಿತರಾದ ಮೊದಲ ಭಾರತೀಯರು ಅವರು. ಸರ್ದಾರ್ ವಲ್ಲಭಭಾಯಿಯವರ ಅಣ್ಣ. ಬ್ರಿಟಿಷ್ ಸರ್ಕಾರ 1928ರಲ್ಲಿ, ಹೊರದೇಶಗಳಿಂದ ಬಂದ ಕಮ್ಯುನಿಸ್ಟರನ್ನು ಗಡೀಪಾರು ಮಾಡುವ ಅಧಿಕಾರ ಕೊಡುವ ಸಾರ್ವಜನಿಕ ಭದ್ರತಾ ವಿಧೇಯಕವನ್ನು ತಂದಿತು. ಅದನ್ನು ಪರಿಗಣನೆಗೆ ತೆಗೆದುಕೊಳ್ಳಬೇಕೆಂಬ ಪ್ರಸ್ತಾವದ ಮೇಲೆ ಮತ ಎಣಿಸಿದಾಗ ಪರ 61, ವಿರುದ್ಧ 61. ಅಧ್ಯಕ್ಷರ ನಿರ್ಣಾಯಕ ಮತದ ಮೇಲೆ ಎಲ್ಲವೂ ನಿಂತಿತು. ಪಟೇಲರು ಅದನ್ನು ವಿರುದ್ಧವಾಗಿ ಹಾಕಿದರು, ವಿಧೇಯಕ ಬಿದ್ದುಹೋಯಿತು.

ಸರ್ಕಾರ ಸುಮ್ಮನಿರಲಿಲ್ಲ. ಮರುವರ್ಷ ಅದನ್ನೇ ಮತ್ತೆ ತಂದಿತು. ಅಷ್ಟರಲ್ಲಿ 1929ರ ಮಾರ್ಚ್‌ನಲ್ಲಿ ದೇಶದ ಹಲವೆಡೆ ಕಮ್ಯುನಿಸ್ಟ್ ಮತ್ತು ಕಾರ್ಮಿಕ ನಾಯಕರನ್ನು ಬಂಧಿಸಿ ಮೀರತ್ ಪಿತೂರಿ ಮೊಕದ್ದಮೆಯನ್ನು ಹೂಡಲಾಗಿತ್ತು. ಈಗ ಪಟೇಲರ ಮುಂದೆ ಒಂದು ಅಪ್ಪಟ ಕಾರ್ಯವಿಧಾನದ ಪ್ರಶ್ನೆ ಎದ್ದಿತು. ವಿಧೇಯಕಕ್ಕೆ ಸರ್ಕಾರ ಕೊಡುವ ಕಾರಣವೂ ಮೀರತ್ ಮೊಕದ್ದಮೆಯ ಆಧಾರವೂ ಬಹುಮಟ್ಟಿಗೆ ಒಂದೇ ಆಗಿರುವಾಗ, ನ್ಯಾಯಾಲಯದ ಮುಂದಿರುವ ವಿಷಯವನ್ನು ಮುಟ್ಟದೆ ಸದನ ಈ ವಿಧೇಯಕವನ್ನು ಚರ್ಚಿಸುವುದು ಹೇಗೆ? ಅವರು ಸರ್ಕಾರಕ್ಕೆ ಎರಡು ದಾರಿ ತೋರಿಸಿದರು: ಮೊಕದ್ದಮೆ ಮುಗಿಯುವವರೆಗೆ ವಿಧೇಯಕವನ್ನು ತಡೆಹಿಡಿಯಿರಿ, ಇಲ್ಲವೇ ಮೊಕದ್ದಮೆಯನ್ನು ಹಿಂತೆಗೆದುಕೊಂಡು ಚರ್ಚೆಗೆ ಬನ್ನಿರಿ. ಸರ್ಕಾರ ಎರಡನ್ನೂ ಒಪ್ಪಲಿಲ್ಲ.

ಏಪ್ರಿಲ್ 8ರಂದು ಈ ವಿಷಯದ ಮೇಲೆ ತೀರ್ಪು ಕೊಡಲು ಪಟೇಲರು ಎದ್ದಾಗಲೇ ಗ್ಯಾಲರಿಯಿಂದ ಬಾಂಬುಗಳು ಬಿದ್ದವು. ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತರ ಹೆಸರು ನಿಮಗೆಲ್ಲ ಗೊತ್ತು. ಕಿವುಡರಿಗೆ ಕೇಳಿಸಬೇಕಾದರೆ ದನಿ ದೊಡ್ಡದಾಗಬೇಕು ಎಂದು ಆರಂಭವಾಗುವ ಅವರ ಕರಪತ್ರವೂ ಗೊತ್ತು. ಆ ದಿನ ಎತ್ತರದ ಪೀಠದಲ್ಲಿ ನಿಂತಿದ್ದ ಗಡ್ಡದ ಮನುಷ್ಯ ಕೈಯಲ್ಲಿ ಹಿಡಿದಿದ್ದ ತೀರ್ಪಿನಲ್ಲಿ ಏನಿತ್ತು ಎಂದು ಕೇಳಿದರೆ ಇತಿಹಾಸದ ವಿದ್ಯಾರ್ಥಿಗಳೂ ತಡವರಿಸುತ್ತಾರೆ. ಹೊಗೆ ಕರಗಿದ ಮೂರು ದಿನಗಳ ನಂತರ, ಏಪ್ರಿಲ್ 11ರಂದು, ಪಟೇಲರು ಅದೇ ಸದನದಲ್ಲಿ ಅದೇ ತೀರ್ಪನ್ನು ಕೊಟ್ಟರು: ಪ್ರಸ್ತಾವ ನಿಯಮಬಾಹಿರ. ಭಯದ ನೆಪ ಒಡ್ಡಿ ಸರ್ಕಾರದ ಕಡೆಗೆ ವಾಲುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೂ ಸಿಗುತ್ತಿರಲಿಲ್ಲ. ವೈಸರಾಯರು ಆಮೇಲೆ ಸುಗ್ರೀವಾಜ್ಞೆ ಹೊರಡಿಸಿ ತಮಗೆ ಬೇಕಾದುದನ್ನು ಮಾಡಿಕೊಂಡರು, ನಿಜ. ಆದರೆ ಸದನದ ಒಪ್ಪಿಗೆಯ ಮುದ್ರೆ ಅದರ ಮೇಲೆ ಬೀಳಲಿಲ್ಲ. ಒಂದು ಕ್ರಿಯಾಲೋಪ, ಅಂದರೆ ನಿಯಮ ಮೀರಿದೆಯೆಂಬ ಒಂದು ಆಕ್ಷೇಪ, ಇಡೀ ಸಾಮ್ರಾಜ್ಯವನ್ನು ಸುಗ್ರೀವಾಜ್ಞೆಯ ಹಿಂಬಾಗಿಲಿಗೆ ಅಟ್ಟಿತಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಸ್ವತಂತ್ರ ಭಾರತಕ್ಕೆ ಬರೋಣ. ಮೊದಲ ಲೋಕಸಭೆಯ ಅಧ್ಯಕ್ಷರಾಗಿದ್ದ ಗಣೇಶ ವಾಸುದೇವ ಮಾವಳಂಕರರನ್ನು ಸ್ಥಾನದಿಂದ ತೆಗೆಯಬೇಕೆಂಬ ನಿರ್ಣಯ 1954ರ ಡಿಸೆಂಬರ್ 18ರಂದು ಸದನದ ಮುಂದೆ ಬಂದಿತು. ಮಂಡಿಸಿದವರು ಬಿಹಾರದ ವಿಘ್ನೇಶ್ವರ ಮಿಸ್ಸಿರ್. ಅಧ್ಯಕ್ಷರು ನಿಲುವಳಿ ಸೂಚನೆಗಳನ್ನು (ಉಳಿದ ಕಲಾಪ ಬದಿಗಿಟ್ಟು ತುರ್ತು ವಿಷಯ ಚರ್ಚಿಸೋಣವೆಂಬ ಬೇಡಿಕೆಗಳನ್ನು) ಒಂದರ ಮೇಲೊಂದು ತಳ್ಳಿಹಾಕುತ್ತಾರೆ, ನಿಷ್ಪಕ್ಷಪಾತಿಯಾಗಿ ಉಳಿದಿಲ್ಲ ಎಂಬುದು ವಿರೋಧ ಪಕ್ಷದ ದೂರು. ಸಂವಿಧಾನದ 96ನೇ ವಿಧಿಯಂತೆ ಮಾವಳಂಕರರು ಪೀಠದಲ್ಲಿ ಕೂರಲಿಲ್ಲ. ಉಪಸಭಾಧ್ಯಕ್ಷರಾದ ಅನಂತಶಯನಂ ಅಯ್ಯಂಗಾರರು ಕಲಾಪ ನಡೆಸಿದರು. ಪ್ರಧಾನಿ ನೆಹರೂ ಅವರು ನಿರ್ಣಯವನ್ನು ಕಟುವಾಗಿಯೇ ವಿರೋಧಿಸಿದರು. ಜೊತೆಗೆ, ಇದು ಪಕ್ಷದ ವಿಷಯವಲ್ಲ, ತಮ್ಮ ಪಕ್ಷದ ಸದಸ್ಯರು ಯಾವ ವಿಪ್‌ಗೂ (ಹೀಗೆಯೇ ಮತ ಹಾಕಿ ಎಂಬ ಪಕ್ಷದ ಆಜ್ಞೆಗೂ) ಬದ್ಧರಲ್ಲ ಎಂದು ಹೇಳಿದರು. ನಿರ್ಣಯ ಬಿದ್ದುಹೋಯಿತು. ಬೀಳುವುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಆದರೂ ಅದನ್ನು ಮಂಡಿಸಲು ಬಿಟ್ಟರು, ಕೇಳಿದರು, ಉತ್ತರ ಕೊಟ್ಟರು. ಇದೇ ಮಾವಳಂಕರರು ಸುಗ್ರೀವಾಜ್ಞೆಗಳ ಅಭ್ಯಾಸ ಪ್ರಜಾಪ್ರಭುತ್ವಕ್ಕೆ ತಕ್ಕುದಲ್ಲವೆಂದು ಅದೇ ನೆಹರೂ ಅವರಿಗೆ ಪತ್ರ ಬರೆದು ಎಚ್ಚರಿಸಿದ್ದವರು ಎಂಬುದನ್ನೂ ನೆನಪಿಡಬೇಕು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಎಣಿಸಿ ಎಂದವರಿಗೆ ಎಣಿಸಿ ತೋರಿಸಬೇಕು. ಧ್ವನಿಮತವೆಂಬುದು ಸದನದ ಸಮಯ ಉಳಿಸುವ ಒಂದು ಅನುಕೂಲ ಮಾತ್ರ. ‘ಹೌದು’ ಎನ್ನುವವರ ದನಿ ಹೆಚ್ಚೆಂದು ಪೀಠಕ್ಕೆ ಅನಿಸಬಹುದು. ಆ ಅನಿಸಿಕೆಯನ್ನು ಸದಸ್ಯರು ಪ್ರಶ್ನಿಸಿದರೆ ಮತವಿಭಜನೆಗೆ, ಅಂದರೆ ಮತಗಳನ್ನು ಎಣಿಸುವುದಕ್ಕೆ, ಹಾಕಬೇಕೆಂಬುದು ನಿಯಮ. ಲೋಕಸಭೆಯಲ್ಲಿ ಗಂಟೆ ಬಾರಿಸಿ ಮೂರೂವರೆ ನಿಮಿಷ ಕಾಯುತ್ತಾರೆ, ಹೊರಗಿರುವವರು ಒಳಗೆ ಬರಲಿ ಎಂದು. ಆ ಮೂರೂವರೆ ನಿಮಿಷಗಳನ್ನು ನಾನು ಗೌರವದಿಂದ ನೋಡುತ್ತೇನೆ. ‘ನಿಮ್ಮ ದನಿ ನನಗೆ ಕೇಳಿಸಿತು, ಆದರೂ ಲೆಕ್ಕ ನೋಡೋಣ’ ಎಂದು ಗಣರಾಜ್ಯ ತನ್ನ ಪ್ರತಿನಿಧಿಗೆ ಹೇಳುವ ಸಮಯ ಅದು.

1999ರ ಏಪ್ರಿಲ್ 17ರ ಮಧ್ಯಾಹ್ನ ನಾನು ಮನೆಯವರೊಂದಿಗೆ ದೂರದರ್ಶನದ ಮುಂದೆ ಕುಳಿತಿದ್ದೆ. ವಾಜಪೇಯಿಯವರ ಸರ್ಕಾರದ ವಿಶ್ವಾಸಮತ. ಗಿರಿಧರ ಗಮಾಂಗ್ ಅವರು ಒಡಿಶಾದ ಮುಖ್ಯಮಂತ್ರಿಯಾಗಿ ಎರಡು ತಿಂಗಳಾಗಿತ್ತು, ಲೋಕಸಭೆಯ ಸ್ಥಾನವನ್ನು ಇನ್ನೂ ಬಿಟ್ಟಿರಲಿಲ್ಲ. ಅವರು ಮತ ಹಾಕಬಹುದೇ ಎಂಬ ಆಕ್ಷೇಪ ಎದ್ದಾಗ ಸ್ಪೀಕರ್ ಬಾಲಯೋಗಿ ಅದನ್ನು ಗಮಾಂಗರ ವಿವೇಚನೆಗೇ ಬಿಟ್ಟರು. ಅವರು ಸರ್ಕಾರದ ವಿರುದ್ಧ ಮತ ಹಾಕಿದರು. ಪರ 269, ವಿರುದ್ಧ 270. ಇನ್ನೊಂದು ಸೂಕ್ಷ್ಮವನ್ನು ಗಮನಿಸಿರಿ: ಬಾಲಯೋಗಿಯವರು ತೆಲುಗುದೇಶಂನವರು, ಆ ಪಕ್ಷ ಅಂದು ಸರ್ಕಾರದ ಬೆಂಬಲಕ್ಕಿತ್ತು. ಗಮಾಂಗರ ಮತವನ್ನು ತಡೆದಿದ್ದರೆ ಎರಡೂ ಕಡೆ 269 ಆಗಿ, 100ನೇ ವಿಧಿಯ ಪ್ರಕಾರ ನಿರ್ಣಾಯಕ ಮತ ಅವರ ಕೈಗೇ ಬರುತ್ತಿತ್ತು. ಆ ತೀರ್ಮಾನದ ಸರಿತಪ್ಪುಗಳನ್ನು ವಕೀಲರು ಇಂದಿಗೂ ವಾದಿಸಬಹುದು. ಒಂದು ಸರ್ಕಾರ ಒಂದೇ ಮತದಿಂದ ಬಿದ್ದಿತು, ಸೋತವರು ಎದ್ದು ಮನೆಗೆ ಹೋದರು. ಸಂಖ್ಯೆ ಫಲಕದ ಮೇಲಿತ್ತು, ಅದನ್ನು ಎಲ್ಲರೂ ಕಣ್ಣಾರೆ ನೋಡಿದ್ದರು. ಅಂದಿನ ಘನತೆಗೆ ಅದೇ ಕಾರಣವೆಂದು ನಾನು ತಿಳಿದಿದ್ದೇನೆ.

ಇದರ ಪಕ್ಕದಲ್ಲಿ 2020ರ ಸೆಪ್ಟೆಂಬರ್ 20ನ್ನು ಇಟ್ಟು ನೋಡಬೇಕು. ರಾಜ್ಯಸಭೆಯಲ್ಲಿ ಕೃಷಿ ವಿಧೇಯಕಗಳು. ಕಲಾಪದ ಸಮಯ ಮುಗಿದ ಮೇಲೂ ಮುಂದುವರಿಸುವುದಕ್ಕೆ ವಿರೋಧ ಪಕ್ಷಗಳ ಆಕ್ಷೇಪವಿತ್ತು. ವಿಧೇಯಕಗಳನ್ನು ವಿವರವಾಗಿ ಪರಿಶೀಲಿಸಲು ಸದಸ್ಯರ ಆಯ್ಕೆ ಸಮಿತಿಗೆ ಒಪ್ಪಿಸಬೇಕೆಂಬ ಸೂಚನೆಗಳ ಮೇಲೆ ಅವರು ಮತವಿಭಜನೆ ಕೇಳಿದರು. ಕೇಳುವವರು ತಮ್ಮ ಆಸನದಲ್ಲಿರಬೇಕೆಂದು ಪೀಠದ ಉತ್ತರ. ಆಸನದಿಂದಲೇ ಕೇಳಿದೆವೆಂದು ಸದಸ್ಯರ ವಾದ. ಧ್ವನಿಮತದಲ್ಲೇ ಎಲ್ಲವೂ ಮುಗಿಯಿತು. ಆಮೇಲಿನದು ನೀವು ಕಂಡದ್ದೇ: ಕಿತ್ತ ಮೈಕುಗಳು, ಪೀಠದ ಮುಂದೆ ಬೀಸಿದ ನಿಯಮಪುಸ್ತಕ. ಮರುದಿನ ಎಂಟು ಸದಸ್ಯರ ಅಮಾನತು. ಅವರು ಇಡೀ ರಾತ್ರಿ ಸಂಸತ್ತಿನ ಹುಲ್ಲುಹಾಸಿನ ಮೇಲೆ ಧರಣಿ ಕುಳಿತರು. ಬೆಳಿಗ್ಗೆ ಉಪಸಭಾಪತಿ ಹರಿವಂಶ್ ಅವರೇ ಅವರಿಗಾಗಿ ಚಹಾ ತಂದರು. ಆ ಚಹಾದಲ್ಲಿ ಸೌಜನ್ಯವಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸದಸ್ಯರು ಕೇಳಿದ್ದು ಚಹಾವನ್ನಲ್ಲ, ಲೆಕ್ಕವನ್ನು. ಎಣಿಸಿದ್ದರೆ ಸರ್ಕಾರವೇ ಗೆಲ್ಲುತ್ತಿತ್ತೆಂದು ಹೇಳುವವರಿದ್ದಾರೆ. ಹಾಗಿದ್ದರೆ ಎಣಿಸಲು ಅಡ್ಡಿಯೇನಿತ್ತು? ಮುಂದಿನ ವರ್ಷ ನವೆಂಬರ್ 29ರಂದು ಅವೇ ಕಾಯ್ದೆಗಳನ್ನು ರದ್ದುಪಡಿಸುವ ವಿಧೇಯಕ ಎರಡೂ ಸದನಗಳಲ್ಲಿ ಒಂದೇ ದಿನ, ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಒಂದು ವರ್ಷ ದೆಹಲಿಯ ಗಡಿಯಲ್ಲಿ ರೈತರು ಹೇಳಿದ್ದನ್ನು ಸದನದೊಳಗೆ ಒಂದು ಗಂಟೆಯಾದರೂ ಹೇಳಲು ಅವಕಾಶವಿರಬೇಕಿತ್ತು.

ನಾನು ಒಂದು ಪಕ್ಷದ ಮಾತು ಆಡುತ್ತಿದ್ದೇನೆಂದು ಯಾರಾದರೂ ಭಾವಿಸಿದರೆ ಬೇರೆ ವರ್ಷಗಳನ್ನೂ ಹೇಳುತ್ತೇನೆ. 1989ರ ಮಾರ್ಚ್ 15ರಂದು, ಇಂದಿರಾ ಗಾಂಧಿಯವರ ಹತ್ಯೆಯನ್ನು ವಿಚಾರಿಸಿದ ಠಕ್ಕರ್ ಆಯೋಗದ ವರದಿಯ ಗದ್ದಲದಲ್ಲಿ, ಕಾಂಗ್ರೆಸ್ಸಿನ ಭಾರಿ ಬಹುಮತದ ಲೋಕಸಭೆ ಒಂದೇ ದಿನ 63 ಸದಸ್ಯರನ್ನು ಅಮಾನತು ಮಾಡಿತು. 2010ರ ಚಳಿಗಾಲದ ಅಧಿವೇಶನ ಟುಜಿ ಹಗರಣಕ್ಕೆ ಜಂಟಿ ಸಂಸದೀಯ ಸಮಿತಿ ಬೇಕೆಂಬ ಬೇಡಿಕೆಯಲ್ಲಿ ಬಹುತೇಕ ಕೊಚ್ಚಿಹೋಯಿತು. ಆಗ ತಡೆದವರು ಇಂದು ಆಳುವವರು. ಆ ಸಮಿತಿಯನ್ನು 2011ರಲ್ಲಿ ಸರ್ಕಾರ ಕೊಟ್ಟೇ ಕೊಟ್ಟಿತು. ಮೂರು ತಿಂಗಳ ಹಿಂದೆಯೇ ಕೊಟ್ಟಿದ್ದರೆ ಒಂದು ಅಧಿವೇಶನ ಉಳಿಯುತ್ತಿತ್ತು. 2014ರ ಫೆಬ್ರವರಿಯಲ್ಲಿ ಆಂಧ್ರ ವಿಭಜನೆಯ ವಿಧೇಯಕದ ದಿನ ಲೋಕಸಭೆಯಲ್ಲಿ ಸದಸ್ಯರೊಬ್ಬರು ಮೆಣಸಿನ ಸ್ಪ್ರೇ ಹೊಡೆದರು. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ; ನನ್ನ ವಾದವನ್ನು ಅಲ್ಲಿಯವರೆಗೆ ಎಳೆಯಲು ನಾನು ಯಾರಿಗೂ ಬಿಡುವುದಿಲ್ಲ. ಇನ್ನೊಬ್ಬ ಸದಸ್ಯರ ಕಣ್ಣು ಉರಿಸುವವನು ತನ್ನ ಹಕ್ಕನ್ನು ಚಲಾಯಿಸುತ್ತಿಲ್ಲ, ಅವರ ಹಕ್ಕನ್ನು ಕಸಿಯುತ್ತಿದ್ದಾನೆ. ಆದರೆ ಐದು ದಿನಗಳ ನಂತರ ಅದೇ ವಿಧೇಯಕ ಅಂಗೀಕಾರವಾಗುವಾಗ ನೇರ ಪ್ರಸಾರ ನಿಂತುಹೋಗಿತ್ತು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ಈಗ ಓದುತ್ತಿರುವ ಭಾರತೀಯ ನ್ಯಾಯ ಸಂಹಿತೆ 2023ರ ಡಿಸೆಂಬರ್ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು. ಸಂಸತ್ತಿನ ಭದ್ರತಾ ಲೋಪದ ಬಗ್ಗೆ ಗೃಹಸಚಿವರು ಹೇಳಿಕೆ ಕೊಡಲಿ ಎಂದು ಪಟ್ಟುಹಿಡಿದ ಕಾರಣಕ್ಕೆ ಆ ಅಧಿವೇಶನದಲ್ಲಿ ಎರಡೂ ಸದನಗಳಿಂದ 146 ಸದಸ್ಯರನ್ನು ಅಮಾನತು ಮಾಡಲಾಗಿತ್ತು. ಒಂದೂವರೆ ಶತಮಾನ ಬಾಳಿದ ದಂಡಸಂಹಿತೆಯ ಜಾಗಕ್ಕೆ ಬಂದ ಕಾನೂನಿನ ಒಂದೊಂದು ಕಲಮಿನ ಮೇಲೂ ತಿದ್ದುಪಡಿ ಸೂಚಿಸಬಹುದಾಗಿದ್ದವರ ಆಸನಗಳು ಖಾಲಿಯಿದ್ದವು. ಯಾವುದೋ ಕಲಮಿನ ಅರ್ಥಕ್ಕಾಗಿ ಸಂಸತ್ತಿನ ಚರ್ಚೆಯನ್ನು ಹುಡುಕಿಕೊಂಡು ಹೋದ ದಿನ ನಿಮಗೆ ಆ ಖಾಲಿ ಆಸನಗಳ ಬೆಲೆ ತಿಳಿಯುತ್ತದೆ.

ಅಸಂಸದೀಯ ಪದಗಳ, ಅಂದರೆ ಸದನದಲ್ಲಿ ಆಡಬಾರದೆಂದು ಪಟ್ಟಿ ಮಾಡಿಟ್ಟ ಪದಗಳ, ಬಗ್ಗೆ ಒಂದು ಭಾಗವನ್ನೇ ಬರೆದುಕೊಂಡು ಬಂದಿದ್ದೆ. ಅಧ್ಯಕ್ಷರು ಈಗ ಚೀಟಿ ಕಳಿಸಿದ್ದಾರೆ. ಪೀಠದ ಮಾತನ್ನು ಮೀರುವ ಹಕ್ಕು ಇಂದು ನನಗಂತೂ ಇಲ್ಲ. ಆದ್ದರಿಂದ ಒಂದನ್ನೇ ಹೇಳುತ್ತೇನೆ. ‘ಗೋಡ್ಸೆ’ ಎಂಬುದು ದಶಕಗಳ ಕಾಲ ಆ ಪಟ್ಟಿಯಲ್ಲಿತ್ತು. ನಾಸಿಕದಿಂದ ಆಯ್ಕೆಯಾಗಿ ಬಂದ ಸಂಸದ ಹೇಮಂತ ಗೋಡ್ಸೆ ಅವರು, ತಮ್ಮ ಅಡ್ಡಹೆಸರೇ ಅಸಂಸದೀಯವಾದರೆ ತಾವು ಮಾಡುವುದೇನು ಎಂದು ಸ್ಪೀಕರ್ ಸುಮಿತ್ರಾ ಮಹಾಜನ್ ಅವರಿಗೆ ಬರೆದರು. 2015ರಲ್ಲಿ ಅವರು ಅದನ್ನು ಸರಿಪಡಿಸಿದರು. ಸದಸ್ಯರೊಬ್ಬರು ಕೇಳಿದರು, ಪೀಠ ಕೇಳಿಸಿಕೊಂಡಿತು, ಒಬ್ಬರೂ ಬಾವಿಗಿಳಿಯಬೇಕಾಗಲಿಲ್ಲ.

ಧನ ವಿಧೇಯಕದ, ಅಂದರೆ ಲೋಕಸಭೆಯ ಮಾತೇ ಅಂತಿಮವಾಗುವ ಹಣಕಾಸಿನ ವಿಧೇಯಕದ, ವಿಷಯವನ್ನು ಮುಟ್ಟಿ ಬಿಡುತ್ತೇನೆ. 2016ರಲ್ಲಿ ಆಧಾರ್ ವಿಧೇಯಕಕ್ಕೆ ಆ ಹಣೆಪಟ್ಟಿ ಹಚ್ಚಿದ್ದರಿಂದ ರಾಜ್ಯಸಭೆಯ ತಿದ್ದುಪಡಿಗಳಿಗೆ ಬೆಲೆಯೇ ಇಲ್ಲವಾಯಿತು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನ ಪ್ರಕರಣದಲ್ಲಿ ಬಹುಮತದ ತೀರ್ಪನ್ನು ಮಾತ್ರವಲ್ಲ, ಆ ಹಣೆಪಟ್ಟಿಯನ್ನು ಒಪ್ಪದ ನ್ಯಾಯಮೂರ್ತಿ ಚಂದ್ರಚೂಡರ ಭಿನ್ನ ತೀರ್ಪನ್ನೂ ತಪ್ಪದೆ ಓದಿರಿ.

ಕೊನೆಯದಾಗಿ ಪೀಠದ ಕುರಿತು. 93ನೇ ವಿಧಿ ಉಪಸಭಾಧ್ಯಕ್ಷರನ್ನು ಆದಷ್ಟು ಬೇಗ ಆರಿಸಬೇಕೆನ್ನುತ್ತದೆ. 17ನೇ ಲೋಕಸಭೆ ಐದೂ ವರ್ಷ ಉಪಸಭಾಧ್ಯಕ್ಷರಿಲ್ಲದೆ ಮುಗಿಯಿತು. ಮೊದಲ ಲೋಕಸಭೆ 677 ದಿನ ಕುಳಿತರೆ ಅದು ಕುಳಿತದ್ದು 274 ದಿನ. ನಮ್ಮ ಕಾರ್ಕಳದ ಕಡೆಯ ಕೆ. ಎಸ್. ಹೆಗ್ಡೆಯವರು 1973ರಲ್ಲಿ ಸರ್ಕಾರ ತಮ್ಮ ಹಿರಿತನವನ್ನು ಕಡೆಗಣಿಸಿದಾಗ ಸುಪ್ರೀಂ ಕೋರ್ಟಿನ ನ್ಯಾಯಪೀಠಕ್ಕೆ ರಾಜೀನಾಮೆ ಕೊಟ್ಟು ಬಂದವರು. ಬೆಂಗಳೂರು ದಕ್ಷಿಣದಿಂದ ಗೆದ್ದು 1977ರಲ್ಲಿ ಲೋಕಸಭೆಯ ಅಧ್ಯಕ್ಷರಾದರು. 1987ರಲ್ಲಿ ಸ್ಪೀಕರ್ ಬಲರಾಮ್ ಜಾಖಡ್ ಅವರನ್ನು ತೆಗೆಯುವ ನಿರ್ಣಯ ಮಂಡಿಸಿದ ಸೋಮನಾಥ ಚಟರ್ಜಿಯವರು ಮುಂದೆ ಅದೇ ಪೀಠಕ್ಕೆ ಬಂದು, 2008ರಲ್ಲಿ ಪಕ್ಷ ಹೇಳಿದರೂ ಪೀಠ ಬಿಡದೆ, ಆ ಪಕ್ಷದಿಂದಲೇ ಉಚ್ಚಾಟನೆಗೊಂಡರು. ಇವರಿಬ್ಬರ ಬಗ್ಗೆ ಇನ್ನೂ ಅರ್ಧ ಗಂಟೆ ಹೇಳುವ ಆಸೆಯಿತ್ತು.

ಎರಡನೆಯ ಚೀಟಿಯೂ ಬಂದಿದೆ. ಹಿಂದಿನ ಸಾಲಿನಲ್ಲಿ ಇಬ್ಬರು ವಿದ್ಯಾರ್ಥಿನಿಯರು ಆಗಿನಿಂದ ಕೈ ಎತ್ತಿಕೊಂಡೇ ಕುಳಿತಿದ್ದಾರೆ. ಪ್ರಶ್ನೋತ್ತರದ ಅವಧಿಯನ್ನು ನಾನು ನುಂಗಬಾರದು; ಮೈಕನ್ನು ದಯವಿಟ್ಟು ಅವರಿಗೆ ಕೊಡಿ.