ತಾಗಿದೆಯೋ ಇಲ್ಲವೋ

ಕೇಳುಗರೆಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಆಟದಲ್ಲಿ ಚೆಂಡು ಗೋಡೆಗೆ ಬಡಿದು ಪುಟಿಯುತ್ತದೆ. ನೋಡುವವರಿಗೆ ಇದು ತೀರಾ ಸಹಜ. ಆದರೆ ಗೋಡೆ ಗಟ್ಟಿ ಎಂಬುದೇ ಕಂಪ್ಯೂಟರಿಗೆ ಗೊತ್ತಿಲ್ಲ. ಅದರ ಪಾಲಿಗೆ ಎರಡೂ ಬರೀ ಅಂಕಿಗಳು, ಪುಟ್ಟ ತ್ರಿಕೋನಗಳ ರಾಶಿ. ಲೆಕ್ಕ ಹಾಕಿ ತಡೆಯದಿದ್ದರೆ ಚೆಂಡು ಸಲೀಸಾಗಿ ಗೋಡೆಯೊಳಗೆ ತೂರಿಹೋಗುತ್ತದೆ.

ಎಲ್ಲವನ್ನೂ ಎಲ್ಲದರ ಜೊತೆ ಹೋಲಿಸಿದರಾಯಿತಲ್ಲ ಎನ್ನಬಹುದು. 1,000 ವಸ್ತುಗಳಿದ್ದರೆ 4,99,500 ಜೋಡಿಗಳಾಗುತ್ತವೆ. ಸೆಕೆಂಡಿಗೆ 60 ಚಿತ್ರ ಮೂಡಬೇಕಾದರೆ ಒಂದೊಂದಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಹಾಗಾಗಿ ಇಲ್ಲಿನ ಜಾಣತನವೆಲ್ಲ ಇರುವುದು ತಾಗದ ಜೋಡಿಗಳನ್ನು ಬೇಗ ಕೈಬಿಡುವುದರಲ್ಲಿ.

ಮೊದಲು ಪ್ರತಿ ವಸ್ತುವಿನ ಸುತ್ತ ಒಂದು ನೇರ ಪೆಟ್ಟಿಗೆ ಕಲ್ಪಿಸುತ್ತಾರೆ. ಉದ್ದ, ಅಗಲ, ಎತ್ತರ, ಈ ಮೂರರಲ್ಲಿ ಯಾವುದಾದರೂ ಒಂದು ದಿಕ್ಕಿನಲ್ಲಿ ಎರಡು ಪೆಟ್ಟಿಗೆಗಳ ನಡುವೆ ಸಂದು ಕಂಡರೆ ಆ ಜೋಡಿಯ ಗೊಡವೆಯೇ ಬೇಡ. ಪೆಟ್ಟಿಗೆಗಳ ಅಂಚುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡರಂತೂ ಕೆಲಸ ಇನ್ನೂ ಹಗುರ. ಒಂದು ಚಿತ್ರದಿಂದ ಮುಂದಿನದಕ್ಕೆ ವಸ್ತುಗಳು ಅಷ್ಟಿಷ್ಟೇ ಸರಿಯುವುದರಿಂದ ಸಾಲು ಹೆಚ್ಚುಕಡಿಮೆ ಹಾಗೆಯೇ ಉಳಿದಿರುತ್ತದೆ. ಅಲ್ಲೊಂದು ಇಲ್ಲೊಂದು ಅದಲುಬದಲು ಮಾಡಿದರೆ ಸಾಕು. ಹಿಂದಿನ ಕ್ಷಣದ ಉತ್ತರ ಈ ಕ್ಷಣಕ್ಕೂ ಒದಗುವ ಈ ಉಪಾಯ ನನಗೆ ಬಹಳ ಇಷ್ಟ.

ಉಳಿದ ಜೋಡಿಗಳಿಗೆ ಸೂಕ್ಷ್ಮ ಪರೀಕ್ಷೆ. ಓರೆಯಾಗಿ ನಿಂತ ಎರಡು ಪೆಟ್ಟಿಗೆಗಳಾದರೆ 15 ದಿಕ್ಕುಗಳನ್ನು ನೋಡಿದರೆ ಸಾಕೆಂದು ಗಣಿತ ಹೇಳುತ್ತದೆ: ಒಂದೊಂದರ ಮುಖಗಳಿಂದ ಮೂರು ಮೂರು, ಅಂಚುಗಳ ಜೋಡಣೆಯಿಂದ ಒಂಬತ್ತು. ಒಂದೇ ಒಂದು ದಿಕ್ಕಿನಲ್ಲಿ ಅವುಗಳ ನೆರಳು ಬೇರೆಬೇರೆ ಬಿದ್ದರೂ ಅವು ತಾಗಿಲ್ಲ.

ತಗ್ಗುಗಳಿಲ್ಲದ ಬೇರೆ ಆಕಾರಗಳಿಗೆ ಗಿಲ್ಬರ್ಟ್, ಜಾನ್ಸನ್, ಕೀರ್ತಿ ಎಂಬ ಮೂವರು 1988ರಲ್ಲಿ ಪ್ರಕಟಿಸಿದ ವಿಧಾನವಿದೆ. ಒಂದು ಆಕಾರದ ಪ್ರತಿ ಬಿಂದುವಿನ ಅಂಕಿಗಳಿಂದ ಇನ್ನೊಂದರ ಪ್ರತಿ ಬಿಂದುವಿನ ಅಂಕಿಗಳನ್ನು ಕಳೆದರೆ ಹೊಸದೊಂದು ಆಕಾರ ಹುಟ್ಟುತ್ತದೆ. ಎರಡಕ್ಕೂ ಸೇರಿದ ಬಿಂದುವಿದ್ದರೆ ಅಲ್ಲಿ ಕಳೆದು ಉಳಿಯುವುದು ಸೊನ್ನೆ. ಹಾಗಾಗಿ ಸೊನ್ನೆಯ ಬಿಂದು ಅದರೊಳಗಿದ್ದರೆ ಎರಡೂ ತಾಗಿವೆ, ಹೊರಗಿದ್ದರೆ ಇಲ್ಲ. ಆ ಹೊಸ ಆಕಾರವನ್ನು ಪೂರ್ತಿ ಕಟ್ಟಬೇಕಾಗಿಯೂ ಇಲ್ಲ. ಬೇಕಾದ ಕೆಲವೇ ಬಿಂದುಗಳನ್ನು ಹುಡುಕಿಕೊಂಡರಾಯಿತು.

ಇಷ್ಟಾದರೂ ವೇಗ ಕಣ್ತಪ್ಪಿಸಬಲ್ಲದು. ಸೆಕೆಂಡಿಗೆ 300 ಮೀಟರ್ ಓಡುವ ಗುಂಡು ಒಂದು ಚಿತ್ರದಿಂದ ಇನ್ನೊಂದಕ್ಕೆ 5 ಮೀಟರ್ ಜಿಗಿದಿರುತ್ತದೆ. ಒಮ್ಮೆ ಗೋಡೆಯ ಈಚೆ, ಮರುಕ್ಷಣ ಆಚೆ. ಎರಡೂ ಸಲ ಪರೀಕ್ಷೆ ‘ತಾಗಿಲ್ಲ’ ಎಂದೇ ಹೇಳುತ್ತದೆ. ಅದಕ್ಕೇ ಅದು ಸಾಗಿದ ದಾರಿಯನ್ನಿಡೀ ಪರೀಕ್ಷಿಸಿ, ಮೊದಲು ತಾಗಿದ ಗಳಿಗೆಯನ್ನು ಹುಡುಕಬೇಕು.

ರೋಬೋಟ್ ತೋಳಿನ ವಿಷಯದಲ್ಲಿ ಅದೂ ಸಾಲದು. ಪಕ್ಕದಲ್ಲಿ ಮನುಷ್ಯರಿರುವಾಗ ತಾಗಿದ ಮೇಲೆ ತಿಳಿದು ಏನು ಫಲ? ಅಲ್ಲಿ ಬೇಕಾದದ್ದು ನಡುವಿನ ಅಂತರ. ಆ ಮೂವರ ವಿಧಾನ ಮೂಲತಃ ಅಳೆಯುವುದು ಅದನ್ನೇ. ಅಂತರ ಕಿರಿದಾಗುತ್ತಿದ್ದಂತೆ ತೋಳು ನಿಧಾನಿಸಬಹುದು, ನಿಲ್ಲಬಹುದು.

ನಮಸ್ಕಾರ.