ಬಾಯಿಹುಣ್ಣು: ಉರಿಯುವುದಕ್ಕೆ ಹೆದರಬೇಡಿ, ಉರಿಯದ್ದನ್ನು ಬಿಡಬೇಡಿ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆ ಅಲ್ವಾ?

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ನನ್ನ ಹತ್ತಿರ ಬಂದು ಕೂತ ಕೂಡಲೇ ಹೇಳುವ ಮಾತು ಒಂದೇ, "ಡಾಕ್ಟ್ರೇ, ಉಷ್ಣ ಆಗಿದೆ." ತುಟಿ ಮಗುಚಿ ನೋಡಿದರೆ ಒಳಗೆ ಉರುಟು ಹುಣ್ಣು. ನಡುವೆ ಬಿಳಿ ಅಥವಾ ಹಳದಿ, ಸುತ್ತ ಕೆಂಪು. ಗಂಜಿಗೆ ಮಿಡಿ ಉಪ್ಪಿನಕಾಯಿ ನೆಂಚಿಕೊಂಡರೆ ಕಣ್ಣಲ್ಲಿ ನೀರು.

ಉಷ್ಣ ಅನ್ನುವುದಕ್ಕೆ ನನ್ನ ಜಗಳ ಇಲ್ಲ. ಒಂದೆಲಗದ ತಂಬುಳಿ ಉಂಡರೆ ಬಾಯಿಗೆ ಹಾಯೆನಿಸುತ್ತದೆ, ಉಣ್ಣಿ. ಆದರೆ ಎಲ್ಲವನ್ನೂ ಉಷ್ಣದ ತಲೆಗೆ ಕಟ್ಟಿಬಿಟ್ಟರೆ ನಿಜವಾದ ಕಾರಣ ಹುಡುಕುವವರೇ ಇರುವುದಿಲ್ಲ, ಅಷ್ಟೇ ನನ್ನ ತಕರಾರು.

ಈ ಮಾಮೂಲಿ ಹುಣ್ಣು ಒಂದು ಸೆಂಟಿಮೀಟರಿಗಿಂತ ಸಣ್ಣದು. ತುಟಿಯ ಒಳಗೆ, ಕೆನ್ನೆಯ ಒಳಗೆ, ನಾಲಿಗೆಯ ಅಡಿಯಲ್ಲಿ ಬರುತ್ತದೆ. 7ರಿಂದ 14 ದಿನದಲ್ಲಿ ಕಲೆ ಉಳಿಸದೆ ಮಾಯುತ್ತದೆ. ಏನಾದರೂ ಹಚ್ಚಿದರೂ ಮಾಯುತ್ತದೆ, ಹಚ್ಚದಿದ್ದರೂ ಮಾಯುತ್ತದೆ. ಮನೆಮನೆಗೂ ಒಂದೊಂದು ರಾಮಬಾಣ ಇರುವುದು ಇದರಿಂದಲೇ! ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಕ್ಯಾನ್ಸರೂ ಆಗುವುದಿಲ್ಲ.

ಯಾಕೆ ಬರುತ್ತದೆ? ಕೆಲವರಿಗೆ ಮನೆತನದಿಂದಲೇ ಬಂದಿರುತ್ತದೆ, ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೂ. ಪರೀಕ್ಷೆ, ಮದುವೆ ಗಡಿಬಿಡಿ, ನಿದ್ದೆಗೆಟ್ಟ ರಾತ್ರಿ ಇವೆಲ್ಲ ಅದನ್ನು ಎಬ್ಬಿಸುತ್ತವೆ. ಗರಿಗರಿ ಹಲಸಿನ ಹಪ್ಪಳದ ಚೂಪು ಅಂಚು ತಾಗಿದರೂ ಸಾಕು. ಇನ್ನು ಕೆಲವರಿಗೆ ಟೂತ್‌ಪೇಸ್ಟಿನಲ್ಲಿ ನೊರೆ ಬರಿಸಲು ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಆಗುವುದಿಲ್ಲ, ಪೇಸ್ಟ್ ಬದಲಿಸಿ ನೋಡಬಹುದು. ಬೀಡಿ ಬಿಟ್ಟ ಹೊಸದರಲ್ಲೂ ಹುಣ್ಣು ಏಳುವುದುಂಟು. ಅದು ಸ್ವಲ್ಪ ದಿನದ್ದು, ಹುಣ್ಣಿನ ನೆಪದಲ್ಲಿ ಮತ್ತೆ ಬೀಡಿ ಹಚ್ಚಬೇಡಿ.

ಆದರೆ ತಿಂಗಳು ತಿಂಗಳೂ ಬರುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಕಬ್ಬಿಣಾಂಶ, ಫೋಲೇಟ್ ಅನ್ನುವ ವಿಟಮಿನ್, ಬಿ12 ವಿಟಮಿನ್, ಈ ಮೂರರಲ್ಲಿ ಯಾವುದು ಕಡಿಮೆಯಾದರೂ ಬಾಯಿ ಹೇಳುತ್ತದೆ. ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ. ಮೀನು ಮೊಟ್ಟೆ ಮುಟ್ಟದ, ಹಾಲೂ ಕಡಿಮೆ ಕುಡಿಯುವ ಮನೆಯವರು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುವವರು ಇದನ್ನು ನೆನಪಿಟ್ಟುಕೊಳ್ಳಿ. ಸುಮ್ನೆ ಅಂಗಡಿಯಿಂದ ಬಿ ಕಾಂಪ್ಲೆಕ್ಸ್ ತಂದು ನುಂಗಿದರೆ ಕಬ್ಬಿಣದ ಕೊರತೆ ಹೋಗುತ್ತದಾ? ಹೊಟ್ಟೆನೋವು, ಭೇದಿ, ಕಣ್ಣು ಕೆಂಪಾಗುವುದು, ಗುಪ್ತಾಂಗದಲ್ಲೂ ಹುಣ್ಣು, ಇವೆಲ್ಲ ಜೊತೆಗಿದ್ದರೆ ನನ್ನಂಥ ಹಲ್ಲಿನ ಡಾಕ್ಟರಿಗಿಂತ ಫಿಜಿಶಿಯನ್‌ಗೆ ತೋರಿಸುವುದು ಒಳ್ಳೆಯದು.

ನೋವಿಗೆ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ಜಾಸ್ತಿ ಇದ್ದರೆ ಹಚ್ಚುವ ಪೇಸ್ಟ್ ಬರೆದುಕೊಡುತ್ತೇವೆ. ಸುಣ್ಣ, ಅರೆದ ಆಸ್ಪಿರಿನ್ ಮಾತ್ರೆ ಇಡಬೇಡಿ. ಅದು ಸುಟ್ಟು ಇನ್ನೊಂದು ಹುಣ್ಣು ಮಾಡುತ್ತದೆ.

ಈಗ ಕೋಪ ಬರಿಸುವ ಮಾತು. ನಮ್ಮದು ಅಡಿಕೆ ತೋಟದ ಊರು, ನಮ್ಮ ಮನೆಯಂಗಳದಲ್ಲೂ ಅಡಿಕೆ ಒಣಗುತ್ತಿರುತ್ತದೆ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪು ಹಾಕದ ಎಲೆಯಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು 2004ರಲ್ಲೇ ಪ್ರಕಟಿಸಿದೆ. "ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಅಡಿಕೆ" ಅನ್ನುವವರು ಕೇಳಿಸಿಕೊಳ್ಳಿ. ನಿತ್ಯ ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗುತ್ತದೆ, ಖಾರ ತಡೆಯುವುದಿಲ್ಲ, ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಹೋಗುತ್ತದೆ. ಈಗಲೇ ನೋಡಿ, ನಿಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಮೇಲ್ ಹಲ್ಲು ಕೆಳ ಹಲ್ಲಿನ ನಡುವೆ ಇಡಿ. ಹಿಡಿಸದಿದ್ದರೆ ನನಗೆ ತೋರಿಸಿ.

ಎಲೆಯಡಿಕೆ ಇಡುವ ಕಡೆಯ ಕೆನ್ನೆ, ನಾಲಿಗೆಯ ಬದಿ, ಇಲ್ಲಿ ಹುಣ್ಣಾಗಿ ಮೂರು ವಾರವಾದರೂ ಮಾಯದಿದ್ದರೆ, ಅಂಚು ಗಟ್ಟಿಯಿದ್ದರೆ, ನೋವಿಲ್ಲದಿದ್ದರೂ ಕಾಯಬೇಡಿ. ಉರಿಯುವ ಹುಣ್ಣಿಗೆ ಎರಡನೇ ದಿನವೇ ಓಡಿ ಬರುವವರು, ಉರಿಯದ ಹುಣ್ಣನ್ನು ತಿಂಗಳುಗಟ್ಟಲೆ ಬಾಯಲ್ಲಿಟ್ಟುಕೊಂಡಿರುತ್ತಾರೆ! ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಅನ್ನುವುದು ಸುಳ್ಳು. ಹಲ್ಲು ಮುರಿದು ಚೂಪಾಗಿ ತಾಗುತ್ತಿದ್ದರೆ ಅದನ್ನು ನಯ ಮಾಡಿದ ಮೇಲೆ ಕೆಲವು ಹುಣ್ಣು ತಾನೇ ಮಾಯುತ್ತವೆ, ಅದನ್ನೂ ನೋಡುತ್ತೇವೆ.

ಮಕ್ಕಳಿಗೆ ಜ್ವರ, ಬಾಯಲ್ಲಿ ಹುಣ್ಣು, ಅಂಗೈ ಅಂಗಾಲಲ್ಲಿ ಗುಳ್ಳೆ ಒಟ್ಟಿಗೆ ಬಂದರೆ ಅದು ಬೇರೆ, ವೈರಸ್‌ನದ್ದು. ಇಲ್ಲಿ ತಕ್ಕಾಳಿ ಜ್ವರ ಅನ್ನುವುದು ಅದನ್ನೇ. ಅದು ಅಂಟುತ್ತದೆ, ಮಗುವನ್ನು ಅಂಗನವಾಡಿಗೆ ಕಳಿಸಬೇಡಿ, ನೀರು ಕುಡಿಸುತ್ತಾ ಇರಿ.

ಸರಿ, ಚಹಾ ಆದ ಮೇಲೆ ಆ ಕಿಟಕಿ ಹತ್ತಿರ ಟಾರ್ಚ್ ಹಿಡಿದು ಕೂತಿರುತ್ತೇನೆ. ಎಲೆಯಡಿಕೆ ಉಗುಳಿ, ಬಾಯಿ ತೊಳೆದುಕೊಂಡು ಬನ್ನಿ. ಹಲ್ಲಿನ ಸೆಟ್ ಇದ್ದವರು ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ.