ನಡುವಿನ ಚಿತ್ರಗಳನ್ನು ಬಿಡಿಸುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಹೂವಾಡಗಿತ್ತಿ ಮಲ್ಲಿಗೆ ಮಾಲೆಯನ್ನು ಮೊಳ ಹಾಕುವುದನ್ನು ನೀವು ನೋಡಿರುತ್ತೀರಿ. ಮಾಲೆಯ ಒಂದು ತುದಿ ಮೊಣಕೈಗೆ, ಇನ್ನೊಂದು ಬೆರಳಿಗೆ. ಎರಡು ಸೆಕೆಂಡಿನಲ್ಲಿ ಅಳತೆ ಮುಗಿಯುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು, ಅಂದರೆ ಫ್ರೇಮುಗಳು, ಓಡುವುದರಿಂದ ಈ ಎರಡು ಸೆಕೆಂಡಿಗೆ 48 ಚೌಕಟ್ಟುಗಳು ಬೇಕು. ಅನಿಮೇಷನ್ ಚಿತ್ರಗಳನ್ನು ಕೈಯಿಂದ ಬಿಡಿಸುವವರು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸುತ್ತಿದ್ದರು; ಹಾಗಿದ್ದರೂ 24 ಚಿತ್ರಗಳಾದವು.

ಆ ಕೆಲಸ ನಡೆಯುತ್ತಿದ್ದುದು ಅಡಿಯಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ. ಹಿರಿಯ ಕಲಾವಿದರು ಮುಖ್ಯ ಭಂಗಿಗಳನ್ನು ಬಿಡಿಸಿ ಕೊಟ್ಟರೆ, ಕಿರಿಯರು ನಡುವಿನ ಚಿತ್ರಗಳನ್ನು ತುಂಬುತ್ತಿದ್ದರು. ನಾಲ್ಕೈದು ಹಾಳೆಗಳನ್ನು ಬೆರಳ ಸಂದಿಗಳಲ್ಲಿ ಹಿಡಿದು, ಒಂದೊಂದನ್ನೇ ಎತ್ತಿ ಬಿಡುತ್ತಾ, ಚಲನೆ ಕೂಡಿಬಂತೇ ಎಂದು ಕಣ್ಣಲ್ಲೇ ಅಳೆಯುತ್ತಿದ್ದರು. ಆಮೇಲೆ ರೇಖೆಗಳನ್ನು ಪಾರದರ್ಶಕ ಸೆಲ್ ಹಾಳೆಗೆ ಇಳಿಸಿ, ಹಿಂಬದಿಯಿಂದ ಬಣ್ಣ ಹಚ್ಚಿ, ಹಿನ್ನೆಲೆಯ ಚಿತ್ರದ ಮೇಲಿಟ್ಟು ಛಾಯಾಗ್ರಹಣ ಮಾಡಬೇಕಿತ್ತು. 1937ರ ಡಿಸ್ನಿಯವರ ‘ಸ್ನೋ ವೈಟ್’ ಹೀಗೆಯೇ ಸಿದ್ಧವಾಯಿತು. ಮೊದಮೊದಲು ಎಷ್ಟೋ ಸೆಲ್ ಹಾಳೆಗಳನ್ನು ಚಿತ್ರೀಕರಣದ ನಂತರ ತೊಳೆದು ಮತ್ತೆ ಬಳಸುತ್ತಿದ್ದರು ಎಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

1995ರಲ್ಲಿ ಪಿಕ್ಸಾರ್ ಸಂಸ್ಥೆಯ ‘ಟಾಯ್ ಸ್ಟೋರಿ’ ಬಂತು. ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಾವಧಿ ಚಿತ್ರ ಅದು. ಈ ವಿಧಾನದಲ್ಲಿ ಪಾತ್ರವನ್ನು ಪ್ರತಿ ಚೌಕಟ್ಟಿಗೂ ಹೊಸದಾಗಿ ಬಿಡಿಸುವುದಿಲ್ಲ. ಒಮ್ಮೆ ರೂಪಿಸಿ, ಒಳಗೆ ಕೀಲುಗಳನ್ನು ಕೂಡಿಸಿ, ಆಮೇಲೆ ಆಡಿಸುತ್ತಾರೆ. ಚಿತ್ರಕಲಾ ಪರಿಷತ್ತಿನಲ್ಲಿರುವ ತೊಗಲುಗೊಂಬೆಗಳ ಮುಂದೆ ನಿಂತಾಗಲೆಲ್ಲ, ಕಂಪ್ಯೂಟರ್ ಅನಿಮೇಷನ್ ಚಿತ್ರ ಬಿಡಿಸುವುದಕ್ಕಿಂತ ಗೊಂಬೆಯಾಟಕ್ಕೇ ಹೆಚ್ಚು ಹತ್ತಿರ ಎಂದು ನನಗೆ ಅನ್ನಿಸುತ್ತದೆ. ವ್ಯತ್ಯಾಸವೆಂದರೆ, ಗೊಂಬೆಯನ್ನು ಪ್ರತಿ ಕ್ಷಣವೂ ಆಡಿಸುವುದು ಮನುಷ್ಯನ ಕೈ. ಇಲ್ಲಿ ಎರಡು ಭಂಗಿಗಳ ನಡುವಿನದನ್ನು ಯಂತ್ರ ತಾನೇ ತುಂಬಿಬಿಡುತ್ತದೆ.

ಹಾಗಾದರೆ ಆ ಕಿರಿಯ ಕಲಾವಿದರ ಕೆಲಸ ಮುಗಿಯಿತು ಎಂದು ಹಲವರು ಭಾವಿಸಿದ್ದಾರೆ. ಈ ಊರಿನಲ್ಲಿ ಅನಿಮೇಷನ್ ಕಲಿಸುವ ನಾನು ಅದನ್ನು ಒಪ್ಪಲಾರೆ. ಬೀಳುವ ಚೆಂಡು ನೆಲಕ್ಕೆ ಹತ್ತಿರವಾದಂತೆ ವೇಗ ಪಡೆಯಬೇಕು. ಆದರೆ ಭಂಗಿಯಿಂದ ಭಂಗಿಗೆ ಚಲನೆಯನ್ನು ನಯಗೊಳಿಸುವ ಲೆಕ್ಕಾಚಾರಕ್ಕೇ ಬಿಟ್ಟರೆ, ನೆಲ ಮುಟ್ಟುವ ಮೊದಲೇ ಚೆಂಡು ನಿಧಾನವಾಗಿ, ಹತ್ತಿಯ ರಾಶಿಯ ಮೇಲೆ ಇಳಿದಂತೆ ಕಾಣುತ್ತದೆ. ಯಂತ್ರಕ್ಕೆ ಎರಡು ಸ್ಥಾನಗಳು ಗೊತ್ತು, ಚೆಂಡಿನ ಭಾರ ಗೊತ್ತಿಲ್ಲ. ಆ ಭಾರವನ್ನು ಹಾಳೆಯ ಮೇಲೆ ಒಂದೊಂದೇ ಗೆರೆಯಾಗಿ ಕಲಿತವರು, ಪರದೆಯ ಮೇಲಿನ ತಪ್ಪನ್ನು ಬೇಗ ಗುರುತಿಸುತ್ತಾರೆ. ಆದ್ದರಿಂದಲೇ ನಮ್ಮ ತರಗತಿಯಲ್ಲಿ ಮೊದಲ ತಿಂಗಳುಗಳು ಪೆನ್ಸಿಲ್ಲಿಗೆ ಮೀಸಲು.

ಒಬ್ಬ ವಿದ್ಯಾರ್ಥಿನಿ ಆ ಹೂವಾಡಗಿತ್ತಿಯನ್ನೇ ಕಂಪ್ಯೂಟರಿನಲ್ಲಿ ಮಾಡಿದ್ದಳು. ಕೈ ಸರಾಗವಾಗಿ ಚಾಚಿತು, ಆದರೆ ಮಾಲೆ ಕಾಗದದ್ದೆಂಬಂತೆ ಕೈಯ ಜೊತೆಯಲ್ಲೇ ಚಲಿಸಿತು. ಅವಳು ನೋಟ್‌ಬುಕ್ ಹಿಡಿದು ಮತ್ತೆ ಗಾಂಧಿ ಬಜಾರಿಗೆ ಹೋಗಿ, ಎರಡು ಸಂಜೆ ಅಲ್ಲೇ ನಿಂತು ರೇಖಾಚಿತ್ರಗಳನ್ನು ಬರೆದುಕೊಂಡು ಬಂದಳು. ಮಣಿಕಟ್ಟಿಗಿಂತ ಮೊದಲು ಭುಜ ಹೊರಡುತ್ತದೆ, ಕೈ ನಿಂತ ಮೇಲೂ ಮಾಲೆಯ ತುದಿ ಇನ್ನೊಮ್ಮೆ ತೂಗುತ್ತದೆ ಎಂಬುದು ಆ ಪುಟಗಳಲ್ಲಿತ್ತು. ಭುಜ ಎರಡು ಚೌಕಟ್ಟು ಮೊದಲೇ ಹೊರಡುವಂತೆ, ಮಾಲೆಯ ತುದಿ ಮೂರು ಚೌಕಟ್ಟು ತಡವಾಗಿ ಚಲಿಸುವಂತೆ ಮಾಡಿದಳು. ಮತ್ತೆ ಓಡಿಸಿದಾಗ ಮಲ್ಲಿಗೆಗೆ ತೂಕ ಬಂದಿತ್ತು.

ನಮಸ್ಕಾರ.